ಕಾಗದ ಎಷ್ಟು ದಿನಕ್ಕೆ ಮುಟ್ಟಿತು ಅಂತ ಅಳೆಯಬೇಕಾದವರು ಯಾರು?

ಮನೆಯಲ್ಲಿ ಹಳೇ ಕಾಗದಗಳ ಕಟ್ಟು ಇದ್ದರೆ ಒಂದು ಲಕೋಟೆ ತೆಗೆದು ನೋಡಿ. ಮುಂದೆ ಅಂಚೆಚೀಟಿಯ ಮೇಲೆ ಹೊರಟ ಊರಿನ ಮೊಹರು, ಹಿಂದೆ ತಲುಪಿದ ಊರಿನ ಮೊಹರು. ಎರಡರಲ್ಲೂ ತಾರೀಖು. ಒಂದರಿಂದ ಇನ್ನೊಂದನ್ನು ಕಳೆದರೆ ಕಾಗದ ದಾರಿಯಲ್ಲಿ ಎಷ್ಟು ದಿನ ಇತ್ತು ಅಂತ ಗೊತ್ತಾಗಿಬಿಡುತ್ತದೆ. ಅದಕ್ಕೆ ಯಾವ ಕಚೇರಿಗೂ ಹೋಗಬೇಕಿರಲಿಲ್ಲ, ಯಾರನ್ನೂ ಕೇಳಬೇಕಿರಲಿಲ್ಲ. ಇಲಾಖೆ ತನ್ನ ಕೆಲಸದ ಲೆಕ್ಕವನ್ನು ತಾನೇ ಬರೆದು ಗಿರಾಕಿಯ ಕೈಗೆ ಕೊಡುತ್ತಿತ್ತು.

ಈಗ ಆ ಲೆಕ್ಕ ಕಂಪ್ಯೂಟರಿನೊಳಗೆ ಸೇರಿದೆ. ಸ್ಪೀಡ್ ಪೋಸ್ಟ್ ಮಾಡಿದರೆ 13 ಅಕ್ಷರ-ಅಂಕಿಗಳ ಒಂದು ನಂಬರ್ ಸಿಗುತ್ತದೆ, ಕರ್ನಾಟಕದಲ್ಲಿ ಬುಕ್ ಆದದ್ದಾದರೆ ಸಾಮಾನ್ಯವಾಗಿ ಇಕೆ ಅಂತ ಶುರುವಾಗಿ ಐಎನ್ ಅಂತ ಮುಗಿಯುತ್ತದೆ. ಅದನ್ನು ಹಾಕಿದರೆ ನನ್ನ ಕಾಗದ ಎಲ್ಲಿದೆ ಅಂತ ಕಾಣುತ್ತದೆ. ಒಳ್ಳೆಯದೇ. ಆದರೆ ಕಳೆದ ತಿಂಗಳು ನಮ್ಮ ಪಿನ್‌ಕೋಡಿಗೆ ಬಂದ ಸ್ಪೀಡ್ ಪೋಸ್ಟ್‌ಗಳಲ್ಲಿ ಎಷ್ಟು ಹೇಳಿದ ದಿನಕ್ಕೆ ಮುಟ್ಟಿದವು, ಎಷ್ಟು ತಡವಾದವು, ಎಷ್ಟು ವಾಪಸ್ ಹೋದವು? ಇಷ್ಟೂ ಮಾಹಿತಿ ಇಲಾಖೆಯ ಹತ್ತಿರ ಇದೆ. ಜನರಿಗೆ ತೆರೆದು ನೋಡೋಕೆ ಸಿಗಲ್ಲ.

ನಾನು ಇದರ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳೋದಕ್ಕೆ ಕಾರಣ ಪುಸ್ತಕ. ನಾವು ಕೆಲವು ಗೆಳೆಯರು ಸೇರಿ ಸಣ್ಣ ಪ್ರಮಾಣದಲ್ಲಿ ಪುಸ್ತಕ ಹೊರತರುತ್ತೇವೆ, ಓದುಗರಿಗೆ ಅಂಚೆಯಲ್ಲೇ ಕಳಿಸುತ್ತೇವೆ. ಕೊರಿಯರ್‌ನವರು ತಾಲೂಕು ಕೇಂದ್ರದವರೆಗೆ ಬರುತ್ತಾರೆ, ಅಲ್ಲಿಂದ ಫೋನ್ ಮಾಡಿ ಬಂದು ತಗೊಂಡು ಹೋಗಿ ಅಂತಾರೆ. ಹಳ್ಳಿ ಮನೆಯ ಬಾಗಿಲವರೆಗೆ ಹೋಗೋದು ಅಂಚೆಯೊಂದೇ. ದೇಶದಲ್ಲಿ 1.64 ಲಕ್ಷಕ್ಕೂ ಜಾಸ್ತಿ ಅಂಚೆ ಕಚೇರಿಗಳಿವೆ, ಅದರಲ್ಲಿ ಹತ್ತರಲ್ಲಿ ಒಂಬತ್ತು ಹಳ್ಳಿಗಳಲ್ಲೇ ಇವೆ. ಇಂಥ ಜಾಲ ಬೇರೆ ಯಾರ ಹತ್ತಿರವೂ ಇಲ್ಲ. 2024ರ ಡಿಸೆಂಬರ್‌ನಲ್ಲಿ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಲ್ಲಿಸಿದಾಗ ನಮ್ಮಂಥವರಿಗೆಲ್ಲ ದೊಡ್ಡ ಪೆಟ್ಟು ಬಿತ್ತು. 2025ರ ಮೇ ತಿಂಗಳಲ್ಲಿ ಪುಸ್ತಕಗಳನ್ನು ಕಮ್ಮಿ ದರಕ್ಕೆ ಕಳಿಸುವ ಜ್ಞಾನ ಪೋಸ್ಟ್ ಬಂದ ಮೇಲೆ ಸ್ವಲ್ಪ ಉಸಿರಾಡುವ ಹಾಗಾಯಿತು. ಅಂಚೆ ಚೆನ್ನಾಗಿ ನಡೀಬೇಕು ಅನ್ನೋದು ನನಗೆ ಬರೀ ಅಭಿಪ್ರಾಯ ಅಲ್ಲ, ಹೊಟ್ಟೆಪಾಡಿಗೆ ಹತ್ತಿರದ ಮಾತು.

ಸರಿ, ಅಳತೆಯ ವಿಷಯಕ್ಕೆ ಬರೋಣ. ಕೆಂಪು ಡಬ್ಬಿಯಿಂದಲೇ ಶುರು ಮಾಡಬಹುದು.

ಡಬ್ಬಿಯ ಮೇಲೆ ಕಾಗದ ತೆಗೆಯುವ ಹೊತ್ತು ಬರೆದಿರುತ್ತದೆ. ಆ ಹೊತ್ತಿಗೆ ನಿಜವಾಗಿ ಯಾರಾದರೂ ಬಂದು ಬೀಗ ತೆಗೆದರಾ? ಹಿಂದಿನವರು ಇದಕ್ಕೆ ಒಂದು ಉಪಾಯ ಮಾಡಿದ್ದರು. ಡಬ್ಬಿಯೊಳಗೆ ಗಂಟೆ ಬರೆದ ಸಣ್ಣ ತಗಡು. ಕಾಗದ ತೆಗೆಯಲು ಬಂದವರು ಪ್ರತಿ ಸಲ ಅದನ್ನು ಬದಲಿಸಬೇಕು, ಬದಲಿಸಬೇಕೆಂದರೆ ಬೀಗ ತೆಗೆಯಲೇಬೇಕು. ಆಮೇಲೆ ಮೊಬೈಲ್ ಕಾಲದಲ್ಲಿ ಇಲಾಖೆ ‘ನಾನ್ಯಥಾ’ ಅಂತ ಒಂದು ಏರ್ಪಾಡು ತಂದಿತು. ಡಬ್ಬಿಯ ಒಳಗಡೆ ಒಂದು ಬಾರ್‌ಕೋಡ್ ಅಂಟಿಸಿರುತ್ತಾರೆ. ಬೀಗ ತೆಗೆದು ಅದನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಹೊತ್ತು, ಜಾಗ ಎರಡೂ ದಾಖಲಾಗುತ್ತವೆ. ನನಗೆ ಇದು ಬಹಳ ಇಷ್ಟವಾಯಿತು, ಯಾಕೆಂದರೆ ಬಾರ್‌ಕೋಡ್ ಇರೋದು ಡಬ್ಬಿಯ ಒಳಗೆ. ಕೆಲಸ ಮಾಡದೆ ಸ್ಕ್ಯಾನ್ ಮಾಡೋಕೆ ಬರಲ್ಲ. ಒಳ್ಳೇ ಅಳತೆಗೆ ಇದಕ್ಕಿಂತ ಬೇರೆ ಗುಣ ಬೇಕಿಲ್ಲ.

ಇನ್ನೊಂದು ಹಳೇ ಪದ್ಧತಿ ಪರೀಕ್ಷೆಯ ಕಾಗದಗಳದ್ದು. ಅಂಚೆ ಇನ್ಸ್‌ಪೆಕ್ಟರ್ ಅಥವಾ ಮೇಲಿನ ಕಚೇರಿಯವರು ಮಾಮೂಲಿ ಕಾಗದದ ಹಾಗೇ ಒಂದನ್ನು ಡಬ್ಬಿಗೆ ಹಾಕುತ್ತಾರೆ, ಆ ಕಡೆ ಪಡೆದವರು ಬಂದ ತಾರೀಖು ಬರೆದು ವಾಪಸ್ ತಿಳಿಸುತ್ತಾರೆ. ಹಳ್ಳಿಗಳಲ್ಲಿ ಮೇಲ್ ಓವರ್‌ಸಿಯರ್ ಅನ್ನೋ ಹುದ್ದೆಯವರು ಶಾಖಾ ಕಚೇರಿಗಳನ್ನು ಸುತ್ತಿ, ಉಳಿದಿರುವ ಟಪಾಲು ನೋಡಿ, ಮನಿಯಾರ್ಡರ್ ಸಿಕ್ಕಿದೆಯಾ ಅಂತ ಪಡೆದವರನ್ನೇ ಮಾತಾಡಿಸಿ ಬರುತ್ತಿದ್ದರು. ಇದೂ ಒಳ್ಳೆಯ ಅಳತೆಯೇ. ನಡುವೆ ಕೆಲಸ ಮಾಡುವವರಿಗೆ ಯಾವುದು ಪರೀಕ್ಷೆಯ ಕಾಗದ, ಯಾವುದು ಜನರ ಕಾಗದ ಅಂತ ಗೊತ್ತಿರುವುದಿಲ್ಲ. ಆದ್ದರಿಂದ ಎಲ್ಲವನ್ನೂ ಒಂದೇ ಥರ ನೋಡಬೇಕಾಗುತ್ತದೆ.

ಈಗಿನ ಸ್ಕ್ಯಾನ್ ಪದ್ಧತಿ ಇದಕ್ಕಿಂತ ದೊಡ್ಡದು, ವೇಗದ್ದು. ಪ್ರತಿ ಸ್ಪೀಡ್ ಪೋಸ್ಟೂ ಬುಕ್ ಆದಾಗ, ಚೀಲಕ್ಕೆ ಹೋದಾಗ, ಸಾರ್ಟಿಂಗ್ ಹಬ್ ತಲುಪಿದಾಗ, ಅಲ್ಲಿಂದ ಹೊರಟಾಗ, ಬಟವಾಡೆ ಕಚೇರಿಗೆ ಬಂದಾಗ, ಪೋಸ್ಟ್‌ಮ್ಯಾನ್ ಬೀಟಿಗೆ, ಅಂದರೆ ತನ್ನ ಪಾಲಿನ ಬೀದಿಗಳ ಸುತ್ತಿಗೆ, ಹೊರಟಾಗ ಹೀಗೆ ಹೆಜ್ಜೆ ಹೆಜ್ಜೆಗೂ ದಾಖಲಾಗುತ್ತದೆ. ಪೋಸ್ಟ್‌ಮ್ಯಾನ್ ಕೈಯಲ್ಲಿ ಮೊಬೈಲ್ ಆಪ್ ಇದೆ, ಸಹಿ ಅದರ ಮೇಲೇ ಹಾಕಬೇಕು. 2025ರಲ್ಲಿ ದೇಶದ ಎಲ್ಲ ಅಂಚೆ ಕಚೇರಿಗಳೂ ಹೊಸ ಎಪಿಟಿ ಸಾಫ್ಟ್‌ವೇರ್‌ಗೆ ಬಂದವು. ಇದನ್ನು ಕಟ್ಟಿದ್ದು ಅಂಚೆ ಇಲಾಖೆಯದೇ ತಂತ್ರಜ್ಞಾನ ಕೇಂದ್ರ, ಮೈಸೂರಿನ ಸಿಇಪಿಟಿ. ಮೊದಲು ಪ್ರಯೋಗ ಮಾಡಿ ನೋಡಿದ್ದೂ ನಮ್ಮ ಕರ್ನಾಟಕ ಅಂಚೆ ವೃತ್ತದಲ್ಲೇ (ಇಲಾಖೆ ದೇಶವನ್ನು ಹಂಚಿಕೊಂಡ ಆಡಳಿತ ಭಾಗಗಳಿಗೆ ವೃತ್ತ ಅಂತಾರೆ), ಆ ವರ್ಷದ ಮೇ-ಜೂನ್‌ನಲ್ಲಿ. ಆಗಸ್ಟ್ ಹೊತ್ತಿಗೆ 23 ವೃತ್ತಗಳಿಗೂ ಹರಡಿತು. ಹೊರಗಿನ ಕಂಪನಿಯ ಸಾಫ್ಟ್‌ವೇರ್ ಕೊಳ್ಳದೆ ಇಷ್ಟು ದೊಡ್ಡ ಜಾಲಕ್ಕೆ ತಾವೇ ಬರೆದುಕೊಂಡರು ಅನ್ನೋದು ಸಣ್ಣ ಮಾತಲ್ಲ. ಅದರಲ್ಲಿ ಮೈಸೂರಿನವರ ಪಾಲಿದೆ ಅನ್ನೋದು ನನಗೆ ನಿಜಕ್ಕೂ ಹೆಮ್ಮೆ.

ಆದರೆ ಕೊನೆಯ ಸ್ಕ್ಯಾನ್ ಇದೆಯಲ್ಲ, ಬಾಗಿಲ ಹತ್ತಿರದ್ದು, ಅಲ್ಲೇ ತೊಂದರೆ ಇರೋದು.

ಒಂದು ಸಂಜೆ ಒಂದು ಉಪ ಅಂಚೆ ಕಚೇರಿಯ ಕೌಂಟರ್ ಮುಂದೆ ನಿಂತಿದ್ದೆ. ಒಳಗೆ ಪೋಸ್ಟ್‌ಮ್ಯಾನ್ ಒಬ್ಬರು ಬೀಟ್ ಮುಗಿಸಿ ಬಂದು ಬ್ಯಾಗ್ ಇಳಿಸಿ ಕೂತಿದ್ದರು. ಮೇಜಿನ ಮೇಲೆ ಕೊಡಲಾಗದೆ ಉಳಿದ ಲಕೋಟೆಗಳ ಸಣ್ಣ ಕಟ್ಟು. ಒಂದೊಂದನ್ನೇ ಎತ್ತಿ, ಬಾರ್‌ಕೋಡ್ ಮೇಲೆ ಫೋನ್ ಹಿಡಿದು, ಪರದೆಯ ಮೇಲೆ ಬರುವ ಪಟ್ಟಿಯಲ್ಲಿ ಒಂದನ್ನು ಒತ್ತುತ್ತಿದ್ದರು. ಡೋರ್ ಲಾಕ್ಡ್. ಡೋರ್ ಲಾಕ್ಡ್. ಅಡ್ರೆಸ್ ಸರಿಯಿಲ್ಲ. ಡೋರ್ ಲಾಕ್ಡ್. ಇಷ್ಟು ಮನೆಗೆ ಬೀಗ ಹಾಕಿತ್ತಾ ಅಂತ ಕೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. “ಕೆಲವಕ್ಕೆ ಹೋಗಿದ್ದೆ ಸಾರ್, ಬೀಗ ಇತ್ತು. ಕೆಲವು ಕಡೆಗೆ ಹೋಗೋಕೇ ಹೊತ್ತಾಗಲಿಲ್ಲ. ಲಿಸ್ಟ್ ಹಾಗೇ ಬಿಟ್ಟು ಹೋಗೋ ಹಾಗಿಲ್ಲ” ಅಂದರು. ಇನ್ನೊಬ್ಬರು ರಜೆ ಮೇಲಿದ್ದರಂತೆ, ಅವರ ಬೀಟೂ ಇವರ ತಲೆಗೇ ಬಿದ್ದಿತ್ತು.

ಈ ಮಾತಿನಲ್ಲಿ ಎಲ್ಲವೂ ಇದೆ. ತಗೊಂಡು ಹೋದ ಪ್ರತಿಯೊಂದಕ್ಕೂ ಸಂಜೆಯೊಳಗೆ ಒಂದು ಷರಾ ಬೀಳಬೇಕು. ಕೊಟ್ಟೆ ಅಂತ ಬೀಳಬೇಕು, ಇಲ್ಲವೇ ಯಾಕೆ ಕೊಡಲಿಲ್ಲ ಅಂತ ಬೀಳಬೇಕು. ‘ನನಗೆ ಹೊತ್ತಾಗಲಿಲ್ಲ, ಕೆಲಸ ಜಾಸ್ತಿ ಇತ್ತು’ ಅಂತ ನಿಜ ಹೇಳಿದರೆ ಅದು ಅವರ ಮೇಲೇ ಬರುತ್ತದೆ. ‘ಡೋರ್ ಲಾಕ್ಡ್’ ಅಂದರೆ ತಪ್ಪು ಗಿರಾಕಿಯದು. ಮೇಲಿನವರು ನೋಡುವ ಪರದೆಯಲ್ಲಿ ಆ ಕಚೇರಿಯಲ್ಲಿ ಏನೂ ಬಾಕಿ ಇಲ್ಲ, ಅಂದಿನ ಟಪಾಲು ಅಂದೇ ಮುಗಿದಿದೆ. ಆದರೆ ಲಕೋಟೆಗಳು ಮೇಜಿನ ಮೇಲೆ ಹಾಗೇ ಇವೆ.

ನಮ್ಮ ಪುಸ್ತಕಗಳಿಗೂ ಹೀಗೇ ಆಗಿದೆ. ಮಲೆನಾಡಿನ ಓದುಗರೊಬ್ಬರ ಮನೆಯ ಮುಂಭಾಗದಲ್ಲೇ ಕಿರಾಣಿ ಅಂಗಡಿ, ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆದರೆ ರಾತ್ರಿ ಮುಚ್ಚುವುದು. ಅವರಿಗೆ ಕಳಿಸಿದ ಪುಸ್ತಕದ ಟ್ರ್ಯಾಕಿಂಗ್‌ನಲ್ಲಿ ‘ಡೋರ್ ಲಾಕ್ಡ್’ ಅಂತ ಬಂತು. ನಾನು ಫೋನ್ ಮಾಡಿ ಕೇಳಿದರೆ ಅವರು ಅಂಗಡಿಯಲ್ಲೇ ಕೂತು ಮಾತಾಡುತ್ತಿದ್ದರು! ಮಾರನೇ ದಿನ ಪುಸ್ತಕ ಬಂತು ಬಿಡಿ. ಓದುವ ಪುಸ್ತಕ ಒಂದು ದಿನ ತಡವಾದರೆ ಲೋಕ ಮುಳುಗಿ ಹೋಗಲ್ಲ.

ಆದರೆ ಬೇರೆ ಕಾಗದಗಳಿವೆ. ಕೋರ್ಟಿನ, ವಕೀಲರ ನೋಟಿಸು ಹೋಗೋದು ಇದೇ ದಾರಿಯಲ್ಲಿ. ಸರಿಯಾದ ವಿಳಾಸ ಬರೆದು, ಹಣ ಕಟ್ಟಿ, ರಿಜಿಸ್ಟರ್ ಮಾಡಿ ಕಳಿಸಿದ ಕಾಗದ ಮಾಮೂಲಿ ಅಂಚೆಯಲ್ಲಿ ತಲುಪಬೇಕಾದ ಹೊತ್ತಿಗೆ ತಲುಪಿದೆ ಅಂತಲೇ ಕಾನೂನು ಭಾವಿಸುತ್ತದೆ, ಜನರಲ್ ಕ್ಲಾಸಸ್ ಕಾಯ್ದೆಯ 27ನೇ ಸೆಕ್ಷನ್ ಹೇಳೋದು ಅದನ್ನೇ. ಚೆಕ್ ಬೌನ್ಸ್ ನೋಟಿಸಿಗೂ ಇದೇ ನಿಯಮ ಅಂತ 2007ರಲ್ಲಿ ಅಲವಿ ಹಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ಲಕೋಟೆಯ ಮೇಲೆ ‘ಮನೆಗೆ ಬೀಗ’ ಅಂತ ಷರಾ ಬಿದ್ದು ವಾಪಸ್ ಹೋದರೂ ನೋಟಿಸು ಜಾರಿಯಾದ ಹಾಗೇ ಲೆಕ್ಕ. ನನಗೆ ತಲುಪಿಲ್ಲ ಅಂತ ಸಾಬೀತು ಮಾಡೋಕೆ ಅವಕಾಶ ಇದೆ, ಆದರೆ ಆ ಭಾರ ಪೂರ್ತಿ ನನ್ನದೇ. ನೋಟಿಸು ತಪ್ಪಿಸೋಕೆ ಬಾಗಿಲು ಹಾಕಿಕೊಂಡು ಕೂರುವವರು ಇದ್ದಾರೆ, ಕಾನೂನು ಹೀಗೆ ಇರೋದು ಅವರಿಗೋಸ್ಕರ, ಅದು ಸರಿಯೇ. ಆದರೆ ಆ ಕಾನೂನು ನಿಂತಿರೋದು ಪೋಸ್ಟ್‌ಮ್ಯಾನ್ ಬರೆದ ಷರಾ ನಿಜ ಅನ್ನೋ ನಂಬಿಕೆಯ ಮೇಲೆ. ಸಂಜೆ ಕಚೇರಿಯ ಮೇಜಿನ ಮೇಲೆ, ಲಿಸ್ಟ್ ಖಾಲಿ ಮಾಡಬೇಕು ಅನ್ನೋ ಒತ್ತಡದಲ್ಲಿ ಒತ್ತಿದ ಒಂದು ಗುಂಡಿ ಯಾರದೋ ಕೇಸಿನಲ್ಲಿ ಸಾಕ್ಷಿಯಾಗಿ ಹೋಗಿ ನಿಲ್ಲಬಹುದು. ಈ ಷರಾಗಳು ಎಷ್ಟು ನಿಜ ಅಂತ ನೋಡೋದು ಬರೀ ಗಿರಾಕಿ ಸೇವೆಯ ವಿಷಯ ಅಲ್ಲ ಅಂತ ನಾನು ಹೇಳೋದು ಇದಕ್ಕೇ.

ಬೇರೆ ದೇಶದವರು ಏನು ಮಾಡುತ್ತಾರೆ ಅಂತ ನೋಡಿದೆ. ಎಲ್ಲರಿಗೂ ಇದೇ ತಲೆನೋವು.

ಬ್ರಿಟನ್ನಿನಲ್ಲಿ ಅಂಚೆ ನಡೆಸುವವರು ಬೇರೆ, ರಾಯಲ್ ಮೇಲ್. ನೋಡಿಕೊಳ್ಳುವವರು ಬೇರೆ, ಆಫ್‌ಕಾಮ್ ಅನ್ನೋ ನಿಯಂತ್ರಕ ಸಂಸ್ಥೆ. ಅಳೆಯುವವರು ಮೂರನೆಯವರು. ದೇಶದ ಬೇರೆ ಬೇರೆ ಕಡೆ ಇರುವ ಮಾಮೂಲಿ ಜನರಿಗೆ ಪರೀಕ್ಷೆಯ ಕಾಗದ ಕೊಟ್ಟು ಹಾಕಿಸುತ್ತಾರೆ, ಪಡೆಯುವವರೂ ಅಂಥವರೇ. ಯುರೋಪಿನಲ್ಲಿ ಹೀಗೆ ಅಳೆಯೋದಕ್ಕೆ ಇಎನ್ 13850 ಅಂತ ಒಂದು ಮಾನದಂಡವೇ ಇದೆ. ಬ್ರಿಟನ್ನಿನಲ್ಲಿ ಬೇಗ ಹೋಗಲಿ ಅಂತ ಜಾಸ್ತಿ ದರ ಕೊಟ್ಟು ಕಳಿಸುವ ಫಸ್ಟ್ ಕ್ಲಾಸ್ ಕಾಗದದಲ್ಲಿ 93% ಮಾರನೇ ಕೆಲಸದ ದಿನವೇ ಮುಟ್ಟಬೇಕು ಅನ್ನೋದು ಗುರಿಯಾಗಿತ್ತು. ಊರೂರಿನ ಲೆಕ್ಕವೂ ಬೇರೆ, 118 ಪೋಸ್ಟ್‌ಕೋಡ್ ಪ್ರದೇಶಗಳಿಗೆ ಒಂದೊಂದಕ್ಕೂ ಗುರಿ, ಅದರ ಫಲಿತಾಂಶ ಎಲ್ಲರೂ ನೋಡಬಹುದು. 2022-23ರಲ್ಲಿ ನಿಜವಾಗಿ ಮುಟ್ಟಿದ್ದು 73.7%. ಆಫ್‌ಕಾಮ್ 56 ಲಕ್ಷ ಪೌಂಡ್ ದಂಡ ಹಾಕಿತು. ಮುಂದಿನ ವರ್ಷ 74.7%, ದಂಡ 1.05 ಕೋಟಿ ಪೌಂಡ್. ಅದರ ಮುಂದಿನ ವರ್ಷ 77%, ದಂಡ 2.1 ಕೋಟಿ ಪೌಂಡ್.

ಮೂರು ವರ್ಷ ದಂಡ ಕಟ್ಟಿದರೂ ಗುರಿ ಮುಟ್ಟಲಿಲ್ಲ ಅನ್ನೋದನ್ನು ಗಮನಿಸಿ. ಅಳತೆ ಮತ್ತು ದಂಡ ಎರಡೇ ಕಾಗದವನ್ನು ಮನೆಗೆ ತಂದುಕೊಡಲ್ಲ. 2025ರಲ್ಲಿ ಆಫ್‌ಕಾಮ್ ಗುರಿಯನ್ನೇ 90%ಗೆ ಇಳಿಸಿತು. ಆದರೆ ಅದರ ಜೊತೆಗೆ 99% ಕಾಗದಗಳು ಎರಡು ದಿನಕ್ಕಿಂತ ಜಾಸ್ತಿ ತಡವಾಗಬಾರದು ಅಂತ ಹೊಸದೊಂದನ್ನು ಸೇರಿಸಿತು. ಇದು ಒಳ್ಳೆಯ ಯೋಚನೆ ಅಂತ ನನಗನಿಸುತ್ತದೆ. ನೂರರಲ್ಲಿ ತೊಂಬತ್ತು ಸರಿಯಾಗಿ ಹೋದವು ಅಂದಾಗ ಉಳಿದ ಹತ್ತು ಒಂದು ದಿನ ತಡವಾದವೋ ಒಂದು ತಿಂಗಳು ತಡವಾದವೋ ಅಂತ ಗೊತ್ತೇ ಆಗಲ್ಲ. ಇಂಟರ್‌ವ್ಯೂ ದಿನ ಕಳೆದ ಮೇಲೆ ಇಂಟರ್‌ವ್ಯೂ ಕಾಗದ ಬಂದವರು ಆ ಹತ್ತರಲ್ಲೇ ಇರುತ್ತಾರೆ.

ಅಮೆರಿಕದವರ ಕಥೆಯಲ್ಲಿ ಬೇರೆ ಪಾಠ ಇದೆ. ಅಲ್ಲಿ 1990ರಿಂದ ಹೊರಗಿನ ಕಂಪನಿಯೊಂದು ಪರೀಕ್ಷೆಯ ಕಾಗದ ಹಾಕಿ ಅಳೆಯುತ್ತಿತ್ತು. 2018ರ ಅಕ್ಟೋಬರ್‌ನಿಂದ ಅದು ಹೋಗಿ, ಅಂಚೆಯವರದೇ ಸ್ಕ್ಯಾನ್ ಲೆಕ್ಕ ಬಂತು. ಲೆಕ್ಕಕ್ಕೆ ಬರುವ ಕಾಗದಗಳ ಸಂಖ್ಯೆ ಎಷ್ಟೋ ಪಟ್ಟು ಜಾಸ್ತಿಯಾಯಿತು, ಅದು ನಿಜ. ಆದರೆ ಅಳೆಯುವವರು, ಅಳೆಸಿಕೊಳ್ಳುವವರು ಇಬ್ಬರೂ ಒಬ್ಬರೇ ಆದರು. 2021ರ ಅಕ್ಟೋಬರ್‌ನಲ್ಲಿ ಇನ್ನೊಂದು ಬದಲಾವಣೆ ಬಂತು. ಒಂದರಿಂದ ಮೂರು ದಿನ ಅಂತ ಇದ್ದ ಫಸ್ಟ್ ಕ್ಲಾಸ್ ಅವಧಿಯನ್ನು ಒಂದರಿಂದ ಐದು ದಿನ ಅಂತ ಮಾಡಿದರು. ನಾಲ್ಕನೇ ದಿನ ಬಂದ ಕಾಗದ ಮೊದಲು ತಡ, ಈಗ ಸಕಾಲ. ಕಾಗದ ಮಾತ್ರ ಅದೇ ನಾಲ್ಕನೇ ದಿನವೇ ಬಂದಿರುತ್ತದೆ. ಹಾಗಾಗಿ ಶೇಕಡಾವಾರು ನೋಡುವಾಗ ಯಾವ ಗುರಿಗೆ ಹೋಲಿಸಿದ್ದು ಅಂತಲೂ ಕೇಳಬೇಕು, ಸರಾಸರಿ ಎಷ್ಟು ದಿನ ಹಿಡಿಯಿತು ಅನ್ನೋ ಬರೀ ಅಂಕಿಯನ್ನೂ ಕೇಳಬೇಕು. ಆದರೂ ಅಮೆರಿಕದಲ್ಲಿ ಒಂದು ಒಳ್ಳೆಯ ಕೆಲಸ ಆಯಿತು. 2022ರ ಅಂಚೆ ಸುಧಾರಣಾ ಕಾಯ್ದೆ ಪ್ರತಿ ವಾರದ ಲೆಕ್ಕವನ್ನು ಜನ ನೋಡುವ ಹಾಗೆ ವೆಬ್‌ಸೈಟಿನಲ್ಲಿ ಹಾಕಲೇಬೇಕು ಅಂದಿತು. ನಿಮ್ಮ ಜಿಪ್ ಕೋಡ್, ಅಂದರೆ ಅಲ್ಲಿನ ಪಿನ್‌ಕೋಡ್, ಹಾಕಿದರೆ ನಿಮ್ಮ ಕಡೆಯ ಅಂಕಿ ಬರುತ್ತದೆ.

ನಮ್ಮಲ್ಲಿ ಮೇಲ್ವಿಚಾರಣೆ ಇಲ್ಲ ಅಂತಲ್ಲ. ಇನ್ಸ್‌ಪೆಕ್ಟರ್ ಇದ್ದಾರೆ, ಸೂಪರಿಂಟೆಂಡೆಂಟ್ ಇದ್ದಾರೆ, ಬೆಂಗಳೂರಿನಲ್ಲಿ ಚೀಫ್ ಪೋಸ್ಟ್‌ಮಾಸ್ಟರ್ ಜನರಲ್, ದೆಹಲಿಯ ಡಾಕ್ ಭವನದಲ್ಲಿ ಡೈರೆಕ್ಟರ್ ಜನರಲ್. ವರ್ಷ ವರ್ಷ ಇನ್‌ಸ್ಪೆಕ್ಷನ್ ನಡೆಯುತ್ತದೆ. 2008ರಲ್ಲಿ ಪ್ರಾಜೆಕ್ಟ್ ಆ್ಯರೋ ಬಂದಾಗ ಕಚೇರಿಗೆ ಕೆಂಪು-ಹಳದಿ ಬಣ್ಣ ಬಳಿದದ್ದಷ್ಟೇ ನಮ್ಮ ಕಣ್ಣಿಗೆ ಬಿದ್ದಿರಬಹುದು, ಆದರೆ ಬಂದ ಟಪಾಲು ಅದೇ ದಿನ ಬಟವಾಡೆ ಆಯಿತಾ ಅಂತ ದಿನಾ ನೋಡುವ ಪದ್ಧತಿ ಗಟ್ಟಿಯಾಗಿದ್ದೂ ಅದರಿಂದಲೇ. 2010ರ ಹೊತ್ತಿಗೆ ಟಪಾಲು ಜಾಲವನ್ನೇ ಮರುಜೋಡಿಸಿ ಸಾರ್ಟಿಂಗ್ ಹಬ್‌ಗಳನ್ನು ಮಾಡಿದರು. ಸಿಎಜಿ ಆಗಾಗ ಲೆಕ್ಕ ತೆಗೆದು ವರದಿ ಕೊಡುತ್ತದೆ. ಆದರೆ ಇಲಾಖೆಯ ಹೊರಗೆ ನಿಂತು ದಿನದಿನವೂ ನೋಡುವವರು ಯಾರು? ಮೊಬೈಲ್ ಕಂಪನಿಗಳ ಮೇಲೆ ಟ್ರಾಯ್ ಇದೆ, ಬ್ಯಾಂಕುಗಳ ಮೇಲೆ ರಿಸರ್ವ್ ಬ್ಯಾಂಕ್ ಇದೆ. ಅಂಚೆಗೆ ಅಂಥದ್ದು ಇಲ್ಲ. 1898ರ ಹಳೇ ಕಾಯ್ದೆ ಹೋಗಿ 2023ರ ಅಂಚೆ ಕಚೇರಿ ಕಾಯ್ದೆ 2024ರ ಜೂನ್ 18ರಿಂದ ಜಾರಿಗೆ ಬಂದಾಗ ನಾನು ಇದನ್ನೇ ಹುಡುಕಿದೆ. ಸೇವೆಗಳ ಬಗ್ಗೆ ನಿಯಮ ಮಾಡುವ ಅಧಿಕಾರ ಡೈರೆಕ್ಟರ್ ಜನರಲ್‌ಗೇ ಕೊಟ್ಟಿದೆ. ನಿಯಮದಲ್ಲಿ ಹೇಳಿದಷ್ಟು ಬಿಟ್ಟರೆ ತಡ, ನಷ್ಟಗಳಿಗೆ ಇಲಾಖೆ ಹೊಣೆಯಲ್ಲ ಅನ್ನೋ ಹಳೇ ಮಾತನ್ನು ಹೊಸ ಕಾಯ್ದೆಯೂ ಉಳಿಸಿಕೊಂಡಿದೆ. ಸ್ವತಂತ್ರವಾಗಿ ಅಳೆಯುವ, ದೂರು ಕೇಳುವ ಸಂಸ್ಥೆಯ ಮಾತು ಅದರಲ್ಲಿ ಇಲ್ಲ. ನೂರಿಪ್ಪತ್ತೈದು ವರ್ಷಕ್ಕೊಮ್ಮೆ ಬಂದ ಅವಕಾಶ ಅದು. ನನಗೆ ಇವತ್ತಿಗೂ ಬೇಸರ ಇದೆ.

ನನಗೆ ಏನು ಬೇಕು ಅಂತ ನೇರವಾಗಿ ಹೇಳಿಬಿಡುತ್ತೇನೆ.

ಪಿನ್‌ಕೋಡ್‌ವಾರು ಲೆಕ್ಕ ಬೇಕು. 1972ರ ಆಗಸ್ಟ್ 15ರಿಂದ ದೇಶವನ್ನು ಪಿನ್‌ಕೋಡ್‌ಗಳಾಗಿ ಹಂಚಿಟ್ಟಿದ್ದಾರೆ, ಈಗ ಸುಮಾರು 19 ಸಾವಿರ ಇವೆ. ಲೆಕ್ಕ ಇಡೋಕೆ ಇದಕ್ಕಿಂತ ಸುಲಭದ ಗೂಡು ಬೇಕಾ? ಪ್ರತಿ ತಿಂಗಳು, ಪ್ರತಿ ಪಿನ್‌ಕೋಡಿಗೆ, ಬಂದದ್ದು ಎಷ್ಟು, ಗಡುವಿನೊಳಗೆ ಮುಟ್ಟಿದ್ದು ಎಷ್ಟು, ಮೊದಲ ಸಲಕ್ಕೇ ಕೈ ಸೇರಿದ್ದು ಎಷ್ಟು. ಗಡುವಂತೂ ಇಲಾಖೆಯೇ ಹೇಳಿದೆ. ಸ್ಪೀಡ್ ಪೋಸ್ಟ್ ಸ್ಥಳೀಯವಾದರೆ 1-2 ದಿನ, ಮೆಟ್ರೊ ನಗರಗಳ ನಡುವೆ 1-3, ಅದೇ ರಾಜ್ಯದೊಳಗೆ 1-4, ದೇಶದ ಉಳಿದ ಕಡೆ 4-5. ಶಾಖಾ ಕಚೇರಿಗಳ ಲೆಕ್ಕವನ್ನು ಬೇರೆ ಇಡಬೇಕು. ಪೇಟೆಯ ಉಪಕಚೇರಿ ಮತ್ತು ಹತ್ತಾರು ಕಿಲೋಮೀಟರ್ ಆಚೆ ಬಸ್ಸಿನಲ್ಲಿ ಚೀಲ ಹೋಗಿ ಮುಟ್ಟುವ ಹಳ್ಳಿ ಒಂದೇ ಪಿನ್‌ಕೋಡಿನಲ್ಲಿ ಇರಬಹುದು. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಹಳ್ಳಿಯ ಕಷ್ಟ ಕಣ್ಣಿಗೇ ಬೀಳಲ್ಲ.

ಆಮೇಲೆ, ಷರಾ ಎಲ್ಲಿ ನಿಂತು ಒತ್ತಿದ್ದು ಅಂತ ನೋಡಬೇಕು. ಪೋಸ್ಟ್‌ಮ್ಯಾನ್ ಫೋನಿಗೆ ತಾನು ಎಲ್ಲಿದ್ದೇನೆ ಅಂತ ಗೊತ್ತು. ‘ಡೋರ್ ಲಾಕ್ಡ್’ ಅನ್ನೋದನ್ನು ಗೇಟಿನ ಹತ್ತಿರ ಒತ್ತಿದರಾ, ಕಚೇರಿಯಲ್ಲಿ ಒತ್ತಿದರಾ ಅಂತ ಪ್ರತ್ಯೇಕಿಸೋದು ಕಷ್ಟದ ಕೆಲಸ ಅಲ್ಲ. ಡಬ್ಬಿಯೊಳಗೆ ಬಾರ್‌ಕೋಡ್ ಅಂಟಿಸಿದ ಬುದ್ಧಿಯನ್ನೇ ಇಲ್ಲೂ ಉಪಯೋಗಿಸಬೇಕು. 2025ರ ಅಕ್ಟೋಬರ್‌ನಿಂದ ಸ್ಪೀಡ್ ಪೋಸ್ಟಿಗೆ ಐದು ರೂಪಾಯಿ ಮತ್ತು ತೆರಿಗೆ ಜಾಸ್ತಿ ಕೊಟ್ಟರೆ ಒಟಿಪಿ ಹೇಳಿದವರಿಗೇ ಕೊಡುವ ಸೌಲಭ್ಯ ಬಂದಿದೆ, ಅದು ಕೊಡದೆ ಕೊಟ್ಟೆ ಅನ್ನೋದನ್ನು ತಡೆಯುತ್ತದೆ. ಹೋಗದೆ ಹೋಗಿದ್ದೆ ಅನ್ನೋದನ್ನು ತಡೆಯಲ್ಲ.

ಇದರ ಜೊತೆಗೇ ಪಟ್ಟಿಯಲ್ಲಿ ಇನ್ನೊಂದು ಗುಂಡಿ ಬೇಕು: ‘ಇವತ್ತು ಹೋಗಲಾಗಲಿಲ್ಲ’. ಅದನ್ನು ಒತ್ತಿದ್ದಕ್ಕೆ ಪೋಸ್ಟ್‌ಮ್ಯಾನ್ ಮೇಲೆ ಕ್ರಮ ಇರಬಾರದು. ಆ ಅಂಕಿ ನೇರ ಮೇಲಿನವರ ಮೇಜಿಗೆ ಹೋಗಬೇಕು. ಒಂದು ಕಚೇರಿಯಲ್ಲಿ ತಿಂಗಳುಗಟ್ಟಲೆ ಹೀಗೇ ಬಂದರೆ ಅಲ್ಲಿ ಜನ ಕಮ್ಮಿ ಇದ್ದಾರೆ, ಬೀಟ್ ಉದ್ದವಾಗಿದೆ, ಹೊಸ ಬಡಾವಣೆ ಬಂದಿದೆ ಅಂತ ಅರ್ಥ. ಬೆಂಗಳೂರಿನ ಅಂಚಿನಲ್ಲಿ ಒಂದು ಕಾಲದ ತೋಟದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್ ಎದ್ದಿದೆ, ಒಂದೊಂದರಲ್ಲೂ ನೂರಾರು ಮನೆ. ಗೇಟಿನಲ್ಲಿ ಸೆಕ್ಯುರಿಟಿಯವರು ಒಳಗೆ ಬಿಡೋಕೆ ಹತ್ತು ನಿಮಿಷ ನಿಲ್ಲಿಸುತ್ತಾರೆ. ಬೀಟ್ ಮಾತ್ರ ಹಳೇ ನಕ್ಷೆಯದ್ದೇ ಇದ್ದರೆ ಯಾವ ಮನುಷ್ಯನಿಗೆ ಮುಗಿಸೋಕಾಗುತ್ತದೆ? ಅಳತೆಯ ಕೆಲಸ ಇಂಥದ್ದನ್ನು ತೋರಿಸೋದು. ಬಿಸಿಲು ಮಳೆ ಅನ್ನದೆ ಬ್ಯಾಗ್ ಹೊತ್ತು ಮೆಟ್ಟಿಲು ಹತ್ತುವವರಿಗೆ ನೋಟಿಸು ಕೊಡೋಕೆ ಮಾತ್ರ ಇದನ್ನು ಉಪಯೋಗಿಸಿದರೆ ಅವರು ಇನ್ನಷ್ಟು ‘ಡೋರ್ ಲಾಕ್ಡ್’ ಒತ್ತುತ್ತಾರೆ ಅಷ್ಟೇ. ಹಳ್ಳಿಯ ಗ್ರಾಮೀಣ ಡಾಕ್ ಸೇವಕರಿಗಂತೂ ದಿನಕ್ಕೆ ನಾಲ್ಕೈದು ಗಂಟೆಯ ಕೆಲಸ ಅಂತ ಲೆಕ್ಕ ಹಾಕಿ ಭತ್ಯೆ ಕೊಡುತ್ತಾರೆ, ಪೂರ್ತಿ ನೌಕರರ ಸಂಬಳ ಅಲ್ಲ. ಚೀಲ ಬರೋದೇ ಮಧ್ಯಾಹ್ನವಾದರೆ ಅವರು ಏನು ಮಾಡಬೇಕು?

ಕೊನೆಗೆ, ಹೊರಗಿನವರಿಂದ ಪರೀಕ್ಷೆಯ ಕಾಗದ. ಇದು ಮಾಮೂಲಿ ಕಾಗದಕ್ಕೋಸ್ಕರ. ಐದು ರೂಪಾಯಿ ಚೀಟಿ ಅಂಟಿಸಿ ಹಾಕಿದ ಲಕೋಟೆಗೆ, ಐವತ್ತು ಪೈಸೆಯ ಕಾರ್ಡಿಗೆ ಟ್ರ್ಯಾಕಿಂಗ್ ಇಲ್ಲ. ಅದು ಎಲ್ಲಿ ನಿಂತಿತು ಅಂತ ಯಾವ ಪರದೆಯಲ್ಲೂ ಕಾಣಲ್ಲ. ಪತ್ರಿಕೆಯ ಚಂದಾದಾರರಿಗೆ ಸಂಚಿಕೆ ಬರದೇ ಹೋದರೆ ಸಂಪಾದಕರು ಅಂಚೆಯನ್ನು ಬೈಯುತ್ತಾರೆ, ಅಂಚೆಯವರು ನಮಗೆ ಬಂದೇ ಇಲ್ಲ ಅಂತಾರೆ, ಯಾರು ಸರಿ ಅಂತ ಹೇಳೋಕೆ ಯಾವ ದಾಖಲೆಯೂ ಇಲ್ಲ. ವಿಶ್ವ ಅಂಚೆ ಒಕ್ಕೂಟದವರು ದೇಶ ದೇಶಗಳ ನಡುವೆ ಹೋಗುವ ಪರೀಕ್ಷೆಯ ಲಕೋಟೆಯೊಳಗೆ ತೆಳುವಾದ ಚಿಪ್ ಇಟ್ಟು ಕಳಿಸುತ್ತಾರೆ. ಅಂಚೆ ಕೇಂದ್ರದ ಬಾಗಿಲಲ್ಲಿರುವ ಯಂತ್ರ ಲಕೋಟೆ ದಾಟಿದ್ದನ್ನು ತಾನಾಗಿ ಓದುತ್ತದೆ, ಯಾರೂ ಸ್ಕ್ಯಾನ್ ಮಾಡಬೇಕಿಲ್ಲ. ಅಷ್ಟು ಖರ್ಚು ನಮಗೆ ಬೇಡ. ಕಾಲೇಜುಗಳ ಎನ್ನೆಸ್ಸೆಸ್ ಹುಡುಗರು, ಊರಿನ ಗ್ರಂಥಾಲಯಗಳು ಸೇರಿಕೊಂಡರೂ ಸಾಕು, ಒಂದು ಜಿಲ್ಲೆಯ ನಿಜವಾದ ಅಂಕಿ ಸಿಗುತ್ತದೆ.

24 ಗಂಟೆ, 48 ಗಂಟೆ ಗ್ಯಾರಂಟಿಯ ಸ್ಪೀಡ್ ಪೋಸ್ಟ್ ತರುತ್ತೇವೆ ಅಂತ 2025ರಲ್ಲಿ ಸಚಿವ ಜ್ಯೋತಿರಾದಿತ್ಯ ಸಿಂಧಿಯಾ ಹೇಳಿದರು. ಒಳ್ಳೆಯ ಮಾತು. ಗ್ಯಾರಂಟಿ ಅಂದ ಮೇಲೆ ಗಡಿಯಾರ ಯಾರ ಕೈಯಲ್ಲಿರುತ್ತದೆ ಅಂತಲೂ ಹೇಳಬೇಕು.

ಅಲ್ಲಿಯವರೆಗೆ ನಮ್ಮ ಕೈಲಾಗುವುದೂ ಇದೆ. ಸ್ಪೀಡ್ ಪೋಸ್ಟ್ ಗಡುವು ಮೀರಿ ತಡವಾದರೆ ಕಟ್ಟಿದ ದರ ವಾಪಸ್ ಕೇಳುವ ಹಕ್ಕು ನಿಮಗಿದೆ. ಕಳೆದೇ ಹೋದರೆ ದರದ ಎರಡರಷ್ಟು ಅಥವಾ ಸಾವಿರ ರೂಪಾಯಿ, ಯಾವುದು ಕಮ್ಮಿಯೋ ಅದು. ಮೊತ್ತ ಸಣ್ಣದು, ಯಾರೂ ಕೇಳಲ್ಲ, ಕೇಳದೇ ಇದ್ದರೆ ತಡ ಆಗಿಯೇ ಇಲ್ಲ ಅಂತ ಲೆಕ್ಕ. ದಯವಿಟ್ಟು ಕೇಳಿ. ರಸೀದಿ ಎಸೆಯಬೇಡಿ. ಸುಳ್ಳು ಷರಾ ಬಂದರೆ ಟ್ರ್ಯಾಕಿಂಗ್ ಪುಟದ ಫೋಟೊ ಹೊತ್ತು ಕಾಣುವ ಹಾಗೆ ತೆಗೆದಿಟ್ಟುಕೊಂಡು, ಆ ಹೊತ್ತಿನಲ್ಲಿ ಮನೆಯಲ್ಲಿ ಯಾರಿದ್ದರು ಅಂತ ಬರೆದು ಆನ್‌ಲೈನ್ ದೂರು ಕೊಡಿ. ಪೋಸ್ಟ್‌ಮ್ಯಾನ್ ಮೇಲೆ ಕೂಗಾಡಬೇಡಿ, ಬೀಟಿನಲ್ಲಿ ಎಷ್ಟು ಜನ ಇದ್ದಾರೆ ಅಂತ ಕೇಳಿ, ಅದನ್ನೂ ದೂರಿನಲ್ಲಿ ಬರೆಯಿರಿ.

ನಾನು ನಮ್ಮ ವಿಭಾಗದ ಸೂಪರಿಂಟೆಂಡೆಂಟ್ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೇನೆ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ. ನಮ್ಮ ಪಿನ್‌ಕೋಡಿಗೆ ಒಂದು ತಿಂಗಳಲ್ಲಿ ಬಂದ ಸ್ಪೀಡ್ ಪೋಸ್ಟ್ ಎಷ್ಟು, ಮೊದಲ ಸಲಕ್ಕೇ ಬಟವಾಡೆ ಆದದ್ದು ಎಷ್ಟು, ‘ಡೋರ್ ಲಾಕ್ಡ್’ ಅಂತ ದಾಖಲಾದದ್ದು ಎಷ್ಟು, ಅದರಲ್ಲಿ ಸಂಜೆ ನಾಲ್ಕರ ನಂತರ ದಾಖಲಾದದ್ದು ಎಷ್ಟು, ಮಂಜೂರಾದ ಪೋಸ್ಟ್‌ಮ್ಯಾನ್ ಹುದ್ದೆ ಎಷ್ಟು, ಖಾಲಿ ಎಷ್ಟು. ಇಷ್ಟೇ ಪ್ರಶ್ನೆ. ಉತ್ತರಕ್ಕೆ 30 ದಿನ ಇದೆ. ಬಂದದ್ದನ್ನು ಬಂದ ಹಾಗೇ ಇಲ್ಲಿ ಹಾಕುತ್ತೇನೆ. ನಿಮ್ಮ ಊರಿನ ಪಿನ್‌ಕೋಡಿಗೂ ಇದೇ ಅರ್ಜಿ ಹಾಕುವವರಿದ್ದರೆ ತಿಳಿಸಿ, ಪ್ರತಿ ಕಳಿಸುತ್ತೇನೆ.